ಹುಬ್ಬಿನ ಮೇಲಿನ ಗೆರೆ

ಸಂಜೆಯ ಮಳೆ ಜೋರಾದಾಗ ಬಾಲ್ಕನಿಯ ಬಟ್ಟೆಗಳನ್ನು ಬಾಚಿಕೊಂಡು ಎಲ್ಲರೂ ಅಜ್ಜನ ಕೋಣೆಗೇ ಬಂದು ಸೇರಿದರು. ಅಂಗಡಿಗಳ ಬೋರ್ಡು ಬರೆಯುವುದನ್ನು ಅಜ್ಜ ಬಿಟ್ಟು ಹತ್ತು ವರ್ಷವಾದರೂ ಅಲ್ಲಿ ಟರ್ಪೆಂಟೈನ್ ವಾಸನೆ ಹೋಗಿರಲಿಲ್ಲ. ಮೂಲೆಯಲ್ಲಿ ಮೊಮ್ಮಗಳು ಡೈರಿಯನ್ನು ಮಡಿಲಲ್ಲಿಟ್ಟುಕೊಂಡು ಮುದುಡಿ ಕೂತಿದ್ದಳು. ನಾಳೆ ಅವಳು ಠಾಣೆಗೆ ಹೋಗಬೇಕು; ಗಡಿಯಾರ ರಿಪೇರಿಯವನನ್ನು ಮೆಟ್ಟಿಲಿಂದ ತಳ್ಳಿ ಕೊಂದವನನ್ನು, ಸಾಲಾಗಿ ನಿಂತವರ ನಡುವೆ ಬೆರಳು ಮಾಡಿ ತೋರಿಸಬೇಕು. ‘ಮುಖ ನೋಡಿರಲೇಬೇಕು, ನೆನಪಿಸಿಕೋ’ ಎಂದು ಇನ್ಸ್‌ಪೆಕ್ಟರು ಹದಿನೈದು ದಿನದಿಂದ ಹೇಳುತ್ತಲೇ ಇದ್ದರು. ಈಚೆಗೆ ಅವಳಿಗೂ ಹಾಗೇ ಅನ್ನಿಸತೊಡಗಿತ್ತು.

“ಒಂದು ದೆವ್ವದ ಕತೆ ಹೇಳ್ಲಾ?” ಎಂದ ಅಜ್ಜ.

“ಇವತ್ತೇ ಬೇಕಾ ಅಪ್ಪಾ? ಮೊದ್ಲೇ ಜಿರಲೆ ಕಂಡ್ರೆ ಮಂಚ ಹತ್ತೋಳು ಅವಳು,” ಎಂದು ಚಿಕ್ಕಮ್ಮ ನಕ್ಕಳು.

“ಅವಳಿಗೇ ಹೇಳ್ತಿರೋದು, ನೀನು ಸುಮ್ನಿರು... ಆಗ ನಂಗೆ ಮೂವತ್ತೈದು. ಒಂದು ಕೊಲೆ ಆಗಿ, ಕೊಲೆಗಾರನ ಮುಖ ಬರೆಯೋರು ಯಾರೂ ಸಿಗದೆ, ಹೋಟೆಲ್ ಬೋರ್ಡು ಬರೀತಿದ್ದ ನನ್ನನ್ನೇ ಪೊಲೀಸ್ನೋರು ಎಳ್ಕೊಂಡು ಹೋದ್ರು. ಕಂಡೋಳು ಒಬ್ಬಳು ಟೈಲರಮ್ಮ. ಪಾಪ, ಮೂಗು ಹೇಳ್ತಾಳೆ, ಗಲ್ಲ ಹೇಳ್ತಾಳೆ, ಎಷ್ಟು ಬರೆದ್ರೂ ಅದು ಯಾರ ಮುಖಾನೂ ಆಗ್ತಿಲ್ಲ. ನಂಗೋ ಮನೆಗೆ ಹೋಗೋ ಆತುರ. ‘ಎಡಹುಬ್ಬಿನ ಮೇಲೆ ಗಾಯದ ಗೆರೆ ಏನಾದ್ರೂ ಇತ್ತೇನಮ್ಮಾ?’ ಅಂದ್ಬಿಟ್ಟೆ. ಎಲ್ಲಿಂದ ಬಂತೋ ಆ ಮಾತು! ‘ಇತ್ತು ಅನ್ಸುತ್ತೆ’ ಅಂದ್ಲು. ಗೆರೆ ಎಳೆದೆ. ‘ಹೌದು, ಇತ್ತು’ ಅಂದ್ಲು. ಕೋರ್ಟಲ್ಲಿ ‘ನನ್ನ ಮಕ್ಕಳಾಣೆ ಇತ್ತು’ ಅಂದ್ಲು. ಸುಳ್ಳಲ್ಲ ಕಣಮ್ಮಾ, ಅಷ್ಟರಲ್ಲಿ ಅವಳಿಗೆ ನಿಜವಾಗ್ಲೂ ಕಾಣ್ತಿತ್ತು... ಹುಬ್ಬು ಸೀಳಿದ್ದ ಒಬ್ಬ ಬಡಪಾಯೀನ ಹಿಡಿದ್ರು. ಜೈಲಲ್ಲೇ ಸತ್ತ. ಆಮೇಲೆ ನಿಜವಾದ ಕೊಲೆಗಾರ ಸಿಕ್ಕ. ಅವನ ಹುಬ್ಬು ನುಣ್ಣಗಿತ್ತು.”

ಅಜ್ಜ ಮೊಮ್ಮಗಳತ್ತ ವಾಲಿದ.

“ಸತ್ತೋನು ಬಂದ. ಬಾಗಿಲಿಂದ ಅಲ್ಲ... ನೆನಪಿನ ಒಳಗಿಂದ. ನನ್ನ ಮದುವೆ ನೆನೆಸ್ಕೊಂಡ್ರೆ ಜನರ ಮಧ್ಯೆ ನಿಂತಿರ್ತಾನೆ. ನಿಮ್ಮಮ್ಮನ್ನ ಮೊದಲ ದಿನ ಸ್ಕೂಲಿಗೆ ಬಿಟ್ಟಿದ್ದು ನೆನೆಸ್ಕೊಂಡ್ರೆ ಗೇಟ್ ಹತ್ರ ಇರ್ತಾನೆ. ನಾನು ಅವನನ್ನ ಕಂಡಿದ್ದೇ ಅದೆಲ್ಲ ಆದ್ಮೇಲೆ ತಾನೇ? ಮತ್ತೆ ಅಲ್ಲಿಗೆ ಹೇಗೆ ಬಂದ?... ಈ ಕತೆ ಕೇಳಿದೋರ ಹತ್ರಾನೂ ಹೋಗ್ತಾನೆ.”

ಚಿಕ್ಕಮ್ಮ ಈ ಸಲ ನಗಲಿಲ್ಲ.

ಮೊಮ್ಮಗಳು ಕಣ್ಣು ಮುಚ್ಚಿದಳು. ಮೆಟ್ಟಿಲು, ಉರುಳಿ ಬಿದ್ದ ಸದ್ದು, ನೀಲಿ ಅಂಗಿಯವನ ಓಟ... ತಿರುವಿನಲ್ಲಿ ಅವನು ಹಿಂತಿರುಗಿ ನೋಡಿದ. ಎಡಹುಬ್ಬಿನ ಮೇಲೆ ಬಿಳಿಯ ಗೆರೆ. ಎಷ್ಟು ಸ್ಪಷ್ಟ! ಇದನ್ನು ಇಷ್ಟು ದಿನ ಹೇಗೆ ಮರೆತಿದ್ದಳು?

ಡೈರಿ ತೆರೆದಳು. ಕೊಲೆಯಾದ ದಿನ, ಮನೆಗೆ ಬಂದವಳೇ ಗೀಚಿದ್ದ ಅವಳದೇ ಅಕ್ಷರ: ‘ನೀಲಿ ಅಂಗಿ. ಬೆನ್ನು ಮಾತ್ರ ಕಂಡಿತು. ಮುಖ ನೋಡಲಿಲ್ಲ.’

ತಲೆಯೆತ್ತಿದರೆ ಅಜ್ಜ ಅವಳನ್ನೇ ನೋಡುತ್ತಿದ್ದ.

“ಬಂದ್ನಾ?” ಎಂದ ಮೆಲ್ಲಗೆ. “ನಾಳೆ ಆ ಸಾಲಲ್ಲೂ ನಿಂತಿರ್ತಾನೆ ಮಗಾ... ಇನ್ನೊಂದ್ಸಲ ಅವನನ್ನ ತೋರಿಸ್ಬೇಡ.”