ಬೇಕರಿ ಏರಿನಲ್ಲಿ ನಿಲ್ಲದ ಗಾಡಿ

ಹೇಳಿಕೆ ಕೊಡುತ್ತಿರುವವಳು ನಾನು, ಬೇಕರಿ ಬೀದಿಯಲ್ಲಿ ಎಲ್ಲರೂ ಹಿಟ್ಟಿನಕ್ಕ ಎಂದು ಕರೆಯುವವಳು. ವಯಸ್ಸು ಮೂವತ್ತೊಂಬತ್ತು. ಕೆಲಸ, ಸ್ವಂತ ಪಿಕಪ್ ಗಾಡಿಯಲ್ಲಿ ಗಿರಣಿಯಿಂದ ಬೇಕರಿಗಳಿಗೆ ಹಿಟ್ಟಿನ ಮೂಟೆ ಸಾಗಿಸುವುದು. ವಾಸ, ಇಂದು ಬೆಳಗಿನವರೆಗೆ ಗಿರಣಿಯ ಹಿಂದಿನ ರಸ್ತೆಯ ಮೂರನೇ ಮನೆ. ಇನ್ನು ಮುಂದೆ ಎಲ್ಲಿ ಎಂಬುದನ್ನು ನನಗೆ ಗೊತ್ತಾದ ಮೇಲೆ ತಿಳಿಸುತ್ತೇನೆ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವುದೇನೆಂದರೆ:

ಸದರಿ ಗಾಡಿ ನನ್ನ ಹೆಸರಿನಲ್ಲಿದೆ. ಹನ್ನೊಂದು ವರ್ಷದಿಂದ ನಾನೇ ಓಡಿಸುತ್ತಿದ್ದೇನೆ. ನನ್ನ ಗಂಡ ಅದೇ ಗಿರಣಿಯ ಗೋದಾಮು ನೋಡಿಕೊಳ್ಳುತ್ತಾರೆ. ಅವರಿಗೆ ಲೈಸೆನ್ಸೂ ಇದೆ, ಬೆನ್ನುನೋವೂ ಇದೆ. ಗಾಡಿ ಓಡಿಸಬೇಕಾಗಿ ಬಂದ ದಿನ ಬೆನ್ನುನೋವು ತಪ್ಪದೆ ಬರುತ್ತದೆ. ಈ ಹನ್ನೊಂದು ವರ್ಷದಲ್ಲಿ ಬೀದಿಯ ಒಂದು ಬೆಕ್ಕಿಗೂ ನನ್ನ ಗಾಡಿ ತಾಗಿಲ್ಲ. ಬೇಕಾದರೆ ಬೀದಿಯಲ್ಲಿ ಕೇಳಬಹುದು.

ಮೂಟೆ ಇಳಿಸಲು ನನ್ನ ಜೊತೆ ಬರುವವರು ದೊಡ್ಡಣ್ಣ. ಆಳು ನನ್ನ ಭುಜದಷ್ಟು ಎತ್ತರವಿಲ್ಲ, ಆದ್ದರಿಂದಲೇ ಯಾರೋ ಆ ಹೆಸರಿಟ್ಟಿದ್ದಾರೆ. ಬೇಕರಿಗೆ ಹೋಗುವ ಓಣಿ ಕಡಿದಾದ ಏರು, ಮಧ್ಯದಲ್ಲಿ ಒಂದು ತಿರುವಿದೆ. ತುಂಬಿದ ಗಾಡಿಯನ್ನು ನಾನು ಎರಡನೇ ಗೇರಿನಲ್ಲಿ ಒಂದೇ ಉಸಿರಿಗೆ ಹತ್ತಿಸುತ್ತಿದ್ದೆ. ಮೇಲೆ ನಿಂತ ಕೂಡಲೇ ದೊಡ್ಡಣ್ಣ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಮರದ ತುಂಡನ್ನು ಒತ್ತು ಕೊಡುತ್ತಿದ್ದರು. ಆ ತುಂಡನ್ನು ಅವರೇ ನಮ್ಮ ಚಕ್ರದ ಅಳತೆಗೆ ಕೆತ್ತಿ ಮಾಡಿಕೊಂಡಿದ್ದರು.

ಕಳೆದ ವಾರದ ಹಿಂದಿನ ಶನಿವಾರ ನನ್ನ ಮೈದುನ ಗಾಡಿ ಬೇಕೆಂದು ಕೇಳಿ ಒಯ್ದನು. ಅವನಿಗೆ ಇಪ್ಪತ್ತಾರು ವರ್ಷ. ಅಗ್ನಿಶಾಮಕ ದಳದಲ್ಲಿ ಚಾಲಕನ ಕೆಲಸಕ್ಕೆ ಆಯ್ಕೆಯಾಗಿದ್ದಾನೆ, ಆದೇಶ ಬರುವುದಷ್ಟೇ ಬಾಕಿ. ಭಾನುವಾರ ಸಂಜೆ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದಾಗ ನಾಲ್ಕೂ ಟೈರು ಬೇರೆಯವಾಗಿದ್ದವು. ಎತ್ತರದಲ್ಲೂ ಅಗಲದಲ್ಲೂ ದೊಡ್ಡವು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟೈರು ಒಳಗಿನ ಪ್ಲಾಸ್ಟಿಕ್ ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಅವನು ಗರಗಸದ ಬ್ಲೇಡು ತಂದು ಎರಡೂ ಕಡೆ ಒಂದೊಂದು ಅಂಗೈ ಅಗಲದ ತುಂಡನ್ನು ಕೊಯ್ದು ತೆಗೆದನು. ಕೊಯ್ಯುವಾಗ ನನ್ನ ಗಂಡ ಟಾರ್ಚ್ ಹಿಡಿದಿದ್ದರು. ನನ್ನನ್ನು ಒಂದು ಮಾತು ಕೇಳಬೇಕಿತ್ತಲ್ಲ ಎಂದಿದ್ದಕ್ಕೆ ನನ್ನ ಗಂಡ, “ಈಗ ನೋಡು, ಗಾಡಿ ಗಾಡಿ ಥರ ಕಾಣ್ತಿದೆ” ಎಂದು ನಕ್ಕರು. ಇಷ್ಟು ವರ್ಷ ಅವರಿಗೆ ಅದು ಏನಾಗಿ ಕಾಣುತ್ತಿತ್ತೋ ನಾನು ಕೇಳಲಿಲ್ಲ.

ಸೋಮವಾರದಿಂದಲೇ ಗಾಡಿಯ ನಡೆ ಕೆಟ್ಟಿತು. ಎರಡನೇ ಗೇರಿಗೆ ಏರು ಹತ್ತಲಿಲ್ಲ. ಒಂದನೇ ಗೇರಿಗೆ ಹಾಕಿದರೂ ಏದುಸಿರು ಬಿಟ್ಟುಕೊಂಡು ಹತ್ತಿತು, ಕ್ಲಚ್ ಸುಟ್ಟ ವಾಸನೆ ಹಿಟ್ಟಿನ ಮೂಟೆಗೂ ಹಿಡಿಯಿತು. ಶಾಲೆಯ ಮುಂದೆ ವೇಗ ತೋರಿಸುವ ದೀಪದ ಫಲಕವಿದೆ. ನನ್ನ ಮೀಟರು ನಲವತ್ತು ತೋರಿಸುವಾಗ ಆ ಫಲಕ ನಲವತ್ತನಾಲ್ಕು ತೋರಿಸಿತು. ನಾನು ನಿಧಾನವಾಗಿಯೇ ಹೋಗುತ್ತಿದ್ದೇನೆ ಎಂದು ನನ್ನ ಗಾಡಿಯೇ ನನಗೆ ಸುಳ್ಳು ಹೇಳುತ್ತಿತ್ತು. ಬ್ರೇಕು ಹಾಕಿದರೆ ಮೊದಲಿನ ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ಇದನ್ನೆಲ್ಲ ಅಂದೇ ಮನೆಯಲ್ಲಿ ಹೇಳಿದೆ. ಮೈದುನನು, “ಅತ್ತಿಗೆ, ಎರಡು ದಿನ ಓಡ್ಸಿ, ಅಭ್ಯಾಸ ಆಗುತ್ತೆ” ಎಂದನು. ಗಂಡ ಕಿವಿಗೇ ಹಾಕಿಕೊಳ್ಳಲಿಲ್ಲ.

ಬುಧವಾರ ಬೆಳಿಗ್ಗೆ ಹತ್ತೂವರೆಗೆ ನಾನು ಟೈರ್ ಅಂಗಡಿಗೆ ಹೋದೆ. ಅಂಗಡಿಯವರು ಹೇಳಿದ್ದನ್ನು ಅವರು ಆಡಿದಂತೆಯೇ ಬರೆದುಕೊಳ್ಳಬೇಕೆಂದು ಕೋರಿದ್ದೇನೆ. “ಮೇಡಂ, ನಾನು ಹೇಳ್ದೆ. ಚಕ್ರ ದೊಡ್ಡದಾದ್ರೆ ಒಂದು ಸುತ್ತಿಗೆ ಜಾಸ್ತಿ ದೂರ ಎಳೀಬೇಕು, ಇಂಜಿನ್‌ಗೆ ಭಾರ ಬೀಳುತ್ತೆ. ಹಿಂದಿನ ಆಕ್ಸಲ್ ಒಳಗಿನ ಗೇರನ್ನೂ ಬದಲಾಯಿಸಿ, ಇದು ದಿನಾ ಲೋಡ್ ಹೊರೋ ಗಾಡಿ ಅಂದೆ. ನಿಮ್ಮ ಮೈದುನ, ದಿನಾ ಓಡೋ ಗಾಡಿಗೆ ಅದೆಲ್ಲ ಯಾಕೆ, ಸುಮ್ನೆ ಟೈರ್ ಹಾಕಿ ಅಂದ್ರು.” ಗೊತ್ತಿದ್ದೂ ಹಾಗಾದರೆ ಏಕೆ ಹಾಕಿದಿರಿ ಎಂದು ಕೇಳಿದೆ. ಅವರು ಗಾಳಿ ತುಂಬುವ ಪೈಪನ್ನು ಸುತ್ತಿಡತೊಡಗಿದರು. ಹಳೆಯ ಟೈರುಗಳನ್ನು ಮೈದುನನೇ ಒಯ್ದನೆಂದು ತಿಳಿಯಿತು. ಅವು ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಇದ್ದವು, ಬೀಗದ ಕೈ ಅವನ ಜೇಬಿನಲ್ಲಿತ್ತು.

ಅಂದು ಸಂಜೆ ಹಳೆಯ ಟೈರು ಹಾಕಿಸಿಕೊಡಿ ಎಂದು ಗಂಡನನ್ನು ಕೇಳಿದೆ. ಕೇಳಿದೆ ಎನ್ನುವುದಕ್ಕಿಂತ ಗೋಗರೆದೆ ಎಂದು ಬರೆದರೆ ಸರಿ. ತಮ್ಮ ಭಾನುವಾರ ಸ್ನೇಹಿತರ ಜೊತೆ ಹೊಳೆಯ ಕಡೆ ಹೋಗುವವನಿದ್ದಾನೆ, ಅವನ ಆಸೆ ತೀರಲಿ, ಸೋಮವಾರ ಬದಲಾಯಿಸೋಣ ಎಂದರು. ಅತ್ತೆ ಪಕ್ಕದಲ್ಲೇ ಕುಳಿತು ತರಕಾರಿ ಹೆಚ್ಚುತ್ತಿದ್ದರು, ತಲೆ ಎತ್ತಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವರು ನನ್ನ ಪರವಾಗಿ ಒಂದು ಮಾತೂ ಆಡಿದವರಲ್ಲ, ವಿರುದ್ಧವಾಗಿಯೂ ಆಡಿದವರಲ್ಲ.

ಗುರುವಾರ ನಾನು ಅರ್ಧ ಲೋಡಿನಂತೆ ಎರಡು ಸಲ ಹೋಗಿ ಬಂದೆ. ಶುಕ್ರವಾರ ಗೋದಾಮಿನಲ್ಲಿ ನನ್ನ ಗಂಡ, ಎರಡೆರಡು ಸಲ ಓಡಾಡಿ ಡೀಸೆಲ್ ಸುಡುವುದು ಬೇಡವೆಂದು ಇಪ್ಪತ್ತಾರು ಮೂಟೆಗಳನ್ನೂ ಒಟ್ಟಿಗೆ ಹೇರಿಸಿದರು. ಪ್ರತಿ ಮೂಟೆ ಐವತ್ತು ಕಿಲೋ. ಇಷ್ಟು ಬೇಡವೆಂದೆ. ಎಲ್ಲರ ಎದುರು, “ಭಯ ಇದ್ರೆ ಕೀ ಕೊಡು, ಬೇರೆಯವರು ಓಡಿಸ್ತಾರೆ” ಎಂದರು. ನನಗೆ ಮೈ ಉರಿಯಿತು. ಕೀ ಕೊಡಲಿಲ್ಲ.

ಬೆಳಿಗ್ಗೆ ಸುಮಾರು ಎಂಟು ಗಂಟೆ ಹತ್ತು ನಿಮಿಷಕ್ಕೆ ಓಣಿಯ ಬುಡದಲ್ಲಿ ಒಂದನೇ ಗೇರಿಗೆ ಹಾಕಿ ಏರು ಹತ್ತಿಸತೊಡಗಿದೆ. ದೊಡ್ಡಣ್ಣ ಹಿಂದೆ ಮೂಟೆಗಳ ಮೇಲಿದ್ದರು. ತಿರುವಿನಲ್ಲಿ ಎದುರಿಗೆ ಸೈಕಲ್ಲಿನವರೊಬ್ಬರು ಬಂದಿದ್ದರಿಂದ ನಿಧಾನಿಸಿದೆ. ಅಷ್ಟಕ್ಕೇ ಇಂಜಿನ್ ನಿಂತುಹೋಯಿತು. ಬ್ರೇಕು ಒತ್ತಿ ಹಿಡಿದೆ, ಹ್ಯಾಂಡ್ ಬ್ರೇಕನ್ನು ಎರಡೂ ಕೈಯಿಂದ ಕೊನೆಯವರೆಗೆ ಎಳೆದೆ. ಗಾಡಿ ಕ್ಷಣ ನಿಂತಿತು. ಮತ್ತೆ ಸ್ಟಾರ್ಟ್ ಮಾಡಿದರೆ ಹಿಡಿಯಲಿಲ್ಲ. ಇಂಜಿನ್ ನಿಂತಿದ್ದರಿಂದ, ಬ್ರೇಕನ್ನು ಎರಡನೇ ಸಲ ಒತ್ತುವಷ್ಟರಲ್ಲಿ ಪೆಡಲ್ಲು ಕಲ್ಲಿನಂತೆ ಗಟ್ಟಿಯಾಗಿತ್ತು. ಗಾಡಿ ಒಂದೊಂದೇ ಗೇಣು ಹಿಂದಕ್ಕೆ ಜಾರಿತು. ಇಳಿಯಬೇಡಿ ದೊಡ್ಡಣ್ಣ ಎಂದು ಕೂಗಿದೆ. ಅವರು ಆಗಲೇ ಇಳಿದು ಮರದ ತುಂಡನ್ನು ಚಕ್ರಕ್ಕೆ ಕೊಟ್ಟಿದ್ದರು. ಆ ತುಂಡು ಹಳೆಯ ಚಕ್ರದ ಅಳತೆಯದು. ಹೊಸ ಟೈರು ಅದರ ಮೇಲೆ ಹತ್ತಿ ಆಚೆ ಇಳಿಯಿತು. ಅವರು ಕಾಲಿನಿಂದ ತುಂಡನ್ನು ಒತ್ತಿ ಹಿಡಿದಿದ್ದರು. ಗಾಡಿಯ ಹಿಂಭಾಗ ಗೋಡೆಗೆ ಒರಗಿದ ಮೇಲೆ ನಿಂತಿತು.

ಬರೆದುಕೊಳ್ಳುತ್ತಿರುವವರು ಇಲ್ಲಿ “ಗಾಬರಿಯಿಂದ ನಿಯಂತ್ರಣ ತಪ್ಪಿ” ಎಂದು ಸೇರಿಸಿದ್ದರು. ಓದಿಸಿ ಕೇಳಿ ಅದನ್ನು ಹೊಡೆದು ಹಾಕಿಸಿದ್ದೇನೆ. ಗಾಬರಿ ನನಗೆ ಆಮೇಲೆ ಆಯಿತು.

ನಾನು ಆಂಬುಲೆನ್ಸಿನಲ್ಲಿ ದೊಡ್ಡಣ್ಣನ ಜೊತೆ ಹೋದೆ. ಓಣಿಗೆ ಬಂದ ಪೇದೆಯವರಿಗೆ ಹೇಳಿಕೆ ಕೊಟ್ಟವರು ನನ್ನ ಗಂಡ. ಅಪಘಾತವಾದಾಗ ಅವರು ಗೋದಾಮಿನಲ್ಲಿದ್ದರು. ಆದರೂ, ಹೆಂಡತಿ ಹ್ಯಾಂಡ್ ಬ್ರೇಕ್ ಎಳೆಯುವುದನ್ನು ಮರೆತಳು, ಏರಿನಲ್ಲಿ ಅವಳಿಗೆ ಮೊದಲಿನಿಂದಲೂ ಕೈ ನಡುಗುತ್ತದೆ ಎಂದು ಹೇಳಿದ್ದಾರೆ. ಗಾಡಿಯನ್ನು ಸೋಮವಾರ ತಪಾಸಣೆಗೆ ತರುತ್ತೇನೆಂದು ಒಪ್ಪಿ ಮನೆಗೆ ಒಯ್ದಿದ್ದಾರೆ.

ಶನಿವಾರ ಮಧ್ಯಾಹ್ನ ಡಾಕ್ಟರು ದೊಡ್ಡಣ್ಣನ ಎಡಗಾಲನ್ನು ಪಾದದ ಗಂಟಿನ ಮೇಲಿನವರೆಗೆ ಕತ್ತರಿಸಿ ತೆಗೆದರು. ಎಚ್ಚರವಾದಾಗ ಅವರು ಕೇಳಿದ್ದು ಚಪ್ಪಲಿಯನ್ನು. “ಹಿಟ್ಟಿನಕ್ಕ, ಚಪ್ಪಲಿ ಎಲ್ಲೋಯ್ತು? ಮೊನ್ನೆ ತಾನೆ ತಗೊಂಡಿದ್ದೆ.” ಹುಡುಕಿಸುತ್ತೇನೆ ಎಂದೆ. ಎರಡನ್ನೂ ಹುಡುಕಿಸಿ ಇಟ್ಟಿದ್ದೇನೆ, ಎರಡನ್ನೂ ಹೇಗೆ ಕೊಡುವುದೆಂದು ತಿಳಿಯದೆ ಇನ್ನೂ ಕೊಟ್ಟಿಲ್ಲ.

ಅದೇ ದಿನ ಸಂಜೆ ನಾಲ್ಕಕ್ಕೆ ಮನೆಗೆ ಬಂದಾಗ ಗಾಡಿಗೆ ಹಳೆಯ ನಾಲ್ಕು ಟೈರು ಹಾಕಿ ಆಗಿತ್ತು. ಮೈದುನನು ನಲ್ಲಿಯ ಹತ್ತಿರ ಸೋಪು ಹಾಕಿ ಕೈ ತೊಳೆಯುತ್ತಿದ್ದನು. ನನ್ನ ಮುಖ ನೋಡದೆ, “ನೀವೇ ಹೇಳಿದ್ರಲ್ಲ ಅತ್ತಿಗೆ, ಬದಲಾಯಿಸಿ ಅಂತ. ಬದಲಾಯಿಸಿದೀವಿ” ಎಂದನು. ಬುಧವಾರ ಗೋಗರೆದರೂ ಸಿಗದ ಬೀಗದ ಕೈ ಶನಿವಾರ ತಾನಾಗಿಯೇ ಸಿಕ್ಕಿತ್ತು.

ಭಾನುವಾರ ಗಂಡ ನನ್ನನ್ನು ಕೂರಿಸಿಕೊಂಡು ತಿಳಿಹೇಳಿದರು. ಟೈರಿನ ಮಾತು ಎತ್ತಿದರೆ ತಮ್ಮನ ಮೇಲೆ ಕೇಸು ಬರುತ್ತದೆ, ಅಗ್ನಿಶಾಮಕ ದಳದ ಕೆಲಸ ಹೋಗುತ್ತದೆ, ಅವನ ಬಾಳೇ ಹಾಳಾಗುತ್ತದೆ. ನೀನು ಮರೆತೆ ಎಂದು ಒಪ್ಪಿಕೊಂಡರೆ ಹೆಚ್ಚೆಂದರೆ ಲೈಸೆನ್ಸ್ ಹೋಗುತ್ತದೆ ಎಂದರು. “ನಿನಗೇನು, ಮನೇಲಿ ಆರಾಮಾಗಿ ಇರು. ಹನ್ನೊಂದು ವರ್ಷ ಓಡಿಸಿದ್ದು ಸಾಕು. ಇದೊಂದನ್ನ ಹೊಟ್ಟೆಗೆ ಹಾಕ್ಕೋ.” ದೊಡ್ಡಣ್ಣನಿಗೆ ಏನು ಹೇಳಲಿ ಎಂದು ಕೇಳಿದೆ. ಅವನಿಗೆ ಏನೂ ಹೇಳಬೇಕಾಗಿಲ್ಲ, ಮರೆತದ್ದು ನೀನೇ ಅಂತ ಅವನೂ ನಂಬುತ್ತಾನೆ ಎಂದರು. ಲೈಸೆನ್ಸ್ ಹೋಗುವುದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ನೋಯಿಸಿತು. ನನ್ನ ಕೈಯನ್ನು ನಂಬಿ ಆ ಮನುಷ್ಯ ದಿನಾ ಮೂಟೆಯ ಮೇಲೆ ಕೂರುತ್ತಿದ್ದರು.

ಇಂದು ಸೋಮವಾರ ಬೆಳಿಗ್ಗೆ ಆರೂವರೆಗೆ ಅತ್ತೆ ಅಂಗಳ ಗುಡಿಸುತ್ತಿದ್ದರು. ಗುಡಿಸಿದ ಕಸವನ್ನು ಅವರು ಎತ್ತುತ್ತಿದ್ದುದು ಬಾಗಿದ ಕಪ್ಪು ಪ್ಲಾಸ್ಟಿಕ್ ತುಂಡೊಂದರಿಂದ. ಅದು ಎಡಗಡೆಯ ಮಡ್‌ಗಾರ್ಡಿನಿಂದ ಕೊಯ್ದು ತೆಗೆದದ್ದು. ಬಲಗಡೆಯದನ್ನು ಗಂಡ ಒಲೆಗೆ ಹಾಕಿದ್ದರು. ಅತ್ತೆ ಏನನ್ನೂ ಬಿಸಾಡುವವರಲ್ಲ. ಕೊಯ್ದ ಭಾನುವಾರವೇ ಹೆಕ್ಕಿ, ಕಸದ ಮೊರ ಮಾಡಿಕೊಂಡಿದ್ದರು. ಇಬ್ಬರು ಗಂಡುಮಕ್ಕಳು ಟೈರು ಬದಲಾಯಿಸಿ ಎಲ್ಲ ಮುಚ್ಚಿಟ್ಟರು, ತಾಯಿಯ ಕೈಯಲ್ಲಿದ್ದುದನ್ನು ನೋಡಲಿಲ್ಲ. ಮನೆಯಲ್ಲಿ ಕಸ ಗುಡಿಸುವವರ ಕೈಯನ್ನು ಯಾರು ನೋಡುತ್ತಾರೆ?

ನಾನು ಅದನ್ನು ಕೇಳಿದೆ. ಏಕೆ ಎಂದರು. ಠಾಣೆಗೆ ಎಂದೆ. ಅವರು ಪೊರಕೆಯನ್ನು ಗೋಡೆಗೆ ಒರಗಿಸಿದರು. ಆಮೇಲೆ ಕಸವನ್ನು ಬುಟ್ಟಿಗೆ ಸುರಿದು, ತುಂಡನ್ನು ನಲ್ಲಿಯ ಕೆಳಗೆ ತೊಳೆದು, ಒರೆಸಿ ಕೊಟ್ಟರು. “ನಾನು ಕೊಟ್ಟೆ ಅಂತ ಮಾತ್ರ ಬರೆಸಬೇಡ ಕಣಮ್ಮ. ನಾನು ಇಲ್ಲೇ ಇರಬೇಕು” ಎಂದರು. ಅವರು ನನ್ನನ್ನು ಕಣಮ್ಮ ಎಂದದ್ದು ಇದೇ ಮೊದಲು. ಬರೆಸುವುದಿಲ್ಲ ಎಂದು ಮಾತು ಕೊಟ್ಟು ಹೊರಟೆ.

ಸದರಿ ತುಂಡನ್ನು ಠಾಣೆಯ ಅಂಗಳದಲ್ಲಿ ಗಾಡಿಯ ಎಡ ಮಡ್‌ಗಾರ್ಡಿಗೆ ಹಿಡಿದು ನೋಡಲಾಯಿತು. ಗರಗಸದ ಹಲ್ಲಿನ ಗೆರೆ ಗೆರೆಗೆ ಕೂಡಿತು. ಹಳೆಯ ಟೈರಿಗೆ ಮಡ್‌ಗಾರ್ಡು ಕೊಯ್ಯುವ ಅಗತ್ಯವೇ ಇಲ್ಲ. ತಪಾಸಣೆಗೆ ಗಾಡಿ ತಂದು ಅಲ್ಲೇ ನಿಂತಿದ್ದ ನನ್ನ ಗಂಡ, ಅದನ್ನು ಇವಳೇ ಇಂದು ಕೊಯ್ದು ತಂದಿರಬೇಕು ಎಂದರು. ಇದು ಕೊಯ್ದ ದಿನದಿಂದ ಯಾರ ಬಳಿ ಇತ್ತು, ಯಾರು ಕೊಟ್ಟರು ಎಂದು ಅಧಿಕಾರಿಯವರು ನನ್ನನ್ನು ಕೇಳಿದರು. ಅಂಗಳದಲ್ಲಿ ಬಿದ್ದಿತ್ತು, ಎತ್ತಿಕೊಂಡೆ ಎಂದು ಹೇಳಬಹುದಿತ್ತು. ಹಾಗೆ ಹೇಳಿದ್ದರೆ ನನ್ನ ಮಾತಿಗೆ ಅವರ ಮಾತು, ಅಷ್ಟಕ್ಕೇ ಮುಗಿಯುತ್ತಿತ್ತು; ದೊಡ್ಡಣ್ಣನ ಕಾಲನ್ನು ನನ್ನ ಮರೆವು ತಿಂದಿತೆಂದು ದಾಖಲಾಗುತ್ತಿತ್ತು. ನಾನು ಅತ್ತೆ ಕೊಟ್ಟರೆಂದು ಹೇಳಿದೆ. ಕೊಟ್ಟ ಮಾತು ಎರಡು ಗಂಟೆಯೂ ಬಾಳಲಿಲ್ಲ. ಗಂಡ ನನ್ನ ಕಡೆ ನೋಡಲಿಲ್ಲ, ಫೋನು ತೆಗೆದು ಹೊರಗೆ ಹೋದರು.

ಓದಿ ಹೇಳಿದ್ದನ್ನು ಕೇಳಿದ್ದೇನೆ. ನಾನು ಹೇಳಿದ್ದಷ್ಟೇ ಇದರಲ್ಲಿದೆ, ನಾನು ಹೇಳಿದ್ದೆಲ್ಲವೂ ಇದೆ. ಕೆಳಗಿನ ಸಹಿ ನನ್ನ ಲೈಸೆನ್ಸಿನಲ್ಲಿರುವ ಸಹಿಯೇ. ಅತ್ತೆಯನ್ನು ವಿಚಾರಿಸಲು ಮನೆಗೆ ಯಾರನ್ನಾದರೂ ಕಳಿಸುವುದಿದ್ದರೆ, ನನ್ನ ಗಂಡ ಅಲ್ಲಿಗೆ ತಲುಪುವ ಮೊದಲೇ ಕಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಸ್ಥಳ: ಠಾಣೆ
ಸೋಮವಾರ, ಬೆಳಿಗ್ಗೆ
ಸಹಿ