ಇಪ್ಪತ್ತೇಳು ಬೈ ಮೂರು

ಕುರುಗೋಡಿನಲ್ಲಿ ಕೊನೆಯ ಬಸ್ಸಿಳಿದು, ನನ್ನ ಚಿಕ್ಕಮ್ಮನ ಮಗ ಓಬಳೇಶನು ಬಾವಿಯ ಪಕ್ಕದ ದಾರಿಯಿಂದ ಮನೆಗೆ ಬರುತ್ತಿದ್ದನು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವುದು ಅವನ ಕೆಲಸ. ಕಿರ್ರ್... ಕಿರ್ರ್... ನೀರು ಸೇದುವ ಗಾಲಿ ತಿರುಗಿದ ಸದ್ದಾಯಿತು. ಆ ಬಾವಿಯ ಗಾಲಿಯನ್ನು ಕಿತ್ತು ಹತ್ತು ವರ್ಷಗಳಾಗಿದ್ದವು.

"ನಂಬರ್ ಹಾಕೀಯಲ್ಲಪ್ಪಾ..." ಹೆಣ್ಣಿನ ಪಿಸುದನಿ. "ಬಾಗ್ಲು ಎಲ್ಲಿಟ್ಟೀ?"

ಅವನು ತಿರುಗಿ ನೋಡಲಿಲ್ಲ... ಓಡಿದನು.

ಚಿಕ್ಕಮ್ಮ ಸುವರ್ಣಮ್ಮನಿಗೆ ಉಬ್ಬಸವಿತ್ತು. ಹಿಂದೊಮ್ಮೆ ಆಂಬುಲೆನ್ಸು ಮನೆ ಸಿಗದೆ ಅರ್ಧ ಗಂಟೆ ಓಣಿ ಸುತ್ತಿತ್ತು. ಅಣ್ಣತಮ್ಮಂದಿರು ಬೇರೆಯಾದರೆ ನಮ್ಮಲ್ಲಿ ಮನೆಯ ನಂಬರೂ ಪಾಲಾಗುತ್ತದೆ. ಮೂವತ್ತರ ಪಕ್ಕದಲ್ಲಿ ಹನ್ನೊಂದು, ಅದರ ಹಿಂದೆ ಇಪ್ಪತ್ತೇಳು ಬೈ ಒಂದು. ಆದ್ದರಿಂದ ಓಬಳೇಶನು, ಯಾರು ಬೇಕಾದರೂ ತಿದ್ದಬಹುದಾದ ಮೊಬೈಲಿನ ನಕ್ಷೆಯೊಂದರಲ್ಲಿ ಮನೆಮನೆಯ ನಂಬರು ಹಾಕತೊಡಗಿದ್ದನು.

"ಲೇ ಓಬಳೇಶ, ನಮ್ಮ ಬಾಗ್ಲಿಗೆ ಮೂರು ನಂಬರ್ ಅದಾವು. ಯಾವುದು ಹಾಕ್ತೀಲೇ?" ಎಂದು ಓಣಿಯ ಹೊನ್ನೂರಪ್ಪ ಮಾವ ಕಾಡಿಸುತ್ತಿದ್ದರು.

"ಮೂರು ಸಲ ಮನಿ ತೆರಿಗಿ ಕಟ್ರಿ ಮಾವಾ, ಮೂರೂ ಹಾಕ್ತೀನಿ."

ಚಿಕ್ಕಪ್ಪನವರು ನಾಲ್ವರು ಅಣ್ಣತಮ್ಮಂದಿರು. ಇಪ್ಪತ್ತೇಳು ನಾಲ್ಕು ಪಾಲಾಗಿ, ಚಿಕ್ಕಮ್ಮನ ಮನೆ ಬೈ ನಾಲ್ಕು ಆಯಿತು. ಬೈ ಮೂರು ಎಂಬ ಮನೆಯೇ ಇರಲಿಲ್ಲ. ಸಾಲು ತಪ್ಪಬಾರದೆಂದು ಓಬಳೇಶನು ಬಾವಿಯಿದ್ದ ಖಾಲಿ ಜಾಗಕ್ಕೆ ಆ ನಂಬರನ್ನು ಹಾಕಿಬಿಟ್ಟಿದ್ದನು. ಅದು ಮೂರನೆಯವರ ಪಾಲು. ಅವರ ಹೆಂಡತಿ ಸುಂಕಮ್ಮ, ಅಲ್ಲಿ ಮನೆ ಕಟ್ಟುವ ಮೊದಲೇ ಆ ಬಾವಿಗೆ ಬಿದ್ದು ಸತ್ತಿದ್ದಳು. ಆಮೇಲೆ ಯಾರೂ ಕಟ್ಟಲಿಲ್ಲ.

ಆ ರಾತ್ರಿ ಬಾವಿಯಿಂದ ಓಡಿ ಮನೆಗೆ ಬಂದವನೇ ಆ ನಂಬರನ್ನು ಅಳಿಸಿದನು. ಬೆಳಿಗ್ಗೆ ನೋಡಿದರೆ... ಇತ್ತು. ಹಾಕಿದವರ ಹೆಸರಿನ ಜಾಗದಲ್ಲಿ ಓಬಳೇಶನ ಹೆಸರೇ ಇತ್ತು. ಮತ್ತೆ ಅಳಿಸಿದನು, ಮತ್ತೆ ಬಂತು. ಮೂರನೆಯ ಸಲ ಅಳಿಸಿದಾಗ ಬೈ ಮೂರು ಉಳಿಯಿತು, ಬೈ ನಾಲ್ಕು ಹೋಯಿತು. ಎಷ್ಟು ಸಲ ಹಾಕಿದರೂ ನಿಲ್ಲಲಿಲ್ಲ.

ಆ ವಾರವೇ ಒಂದು ರಾತ್ರಿ ಚಿಕ್ಕಮ್ಮನಿಗೆ ಉಸಿರು ಸಿಕ್ಕಿಕೊಂಡಿತು. ಗೊರ್... ಗೊರ್... ನಾನು ಎದೆ ನೀವುತ್ತ ಕುಳಿತಿದ್ದೆನು. ಓಬಳೇಶನು ಫೋನಿನಲ್ಲಿ "ಬೈ ನಾಲ್ಕು, ಬಾವಿ ದಾಟಿ ಬರ್ರಿ" ಎಂದು ಎರಡು ಸಲ ಹೇಳಿದನು. ಆಂಬುಲೆನ್ಸಿನ ಕೂಗು ಓಣಿಗೆ ಬಂತು... ನಿಂತಿತು... ಆಮೇಲೆ ದೂರವಾಯಿತು.

"ಅಕ್ಕಾ, ಹೋತು..." ಎಂದು ನನಗೆ ಹೇಳುತ್ತಲೇ ಅವನು ಡ್ರೈವರಿಗೆ ಫೋನು ಹಚ್ಚಿದನು.

"ಪೇಷಂಟ್ ಹತ್ತಿಸಿಕೊಂಡೀವಲ್ರಿ," ಎಂದನು ಡ್ರೈವರ್. "ಮ್ಯಾಪಿನ್ಯಾಗ ಬೈ ನಾಲ್ಕು ಸಿಗಲಿಲ್ಲ. ಬೈ ಮೂರರ ಹತ್ರ ಒಬ್ಬ ಹೆಣ್ಮಗಳು ಕೈ ಮಾಡಿದ್ಲು. ಅಕಿನ್ನೇ ಮಲಗಿಸೀವಿ." ಗಾಡಿ ನಿಂತು, ಹಿಂದಿನ ಬಾಗಿಲು ತೆರೆದ ಸದ್ದು ಕೇಳಿಸಿತು. "ತಡೀರಿ... ಹಿಂದ ಯಾರೂ ಇಲ್ರಿ."

ಅವರು ಗಾಡಿ ತಿರುಗಿಸಿಕೊಂಡು ಬರುವಷ್ಟರಲ್ಲಿ ನನ್ನ ಕೈಯ ಕೆಳಗೆ ಚಿಕ್ಕಮ್ಮನ ಎದೆಬಡಿತ ನಿಂತಿತ್ತು. ಆದರೂ ಆಸ್ಪತ್ರೆಗೆ ಒಯ್ಯೋಣವೆಂದು ಓಬಳೇಶನು ಹಟ ಹಿಡಿದನು.

ನೀವು ನಂಬದಿದ್ದರೆ ನಾನೇನೂ ಹೇಳಲಾರೆನು. ಇದು ನಡೆದದ್ದು. ಚಿಕ್ಕಮ್ಮನನ್ನು ಮಲಗಿಸುವ ಮೊದಲು, ಆ ಸ್ಟ್ರೆಚರಿನ ನೀರು ಸೋರುತ್ತಿದ್ದ ಹಾಸನ್ನು ನಾನೇ ಎರಡು ಸಲ ಹಿಂಡಿದೆನು.