ಕಾರ್ಡ್ ಮರೆತು ಬರುವವರು

ಬೆಳಿಗ್ಗೆ ಒಂಬತ್ತು ನಲವತ್ತು. ಆಸ್ಪತ್ರೆಯ ನೋಂದಣಿ ಕೌಂಟರಿನ ಕಂಪ್ಯೂಟರ್ ಮತ್ತೆ ತಡವರಿಸುತ್ತಿತ್ತು. ಸಾಲಿನಲ್ಲಿ ನಾನು ಎರಡನೆಯವನು. ಹೊಸ ಡೇಟಾಬೇಸ್ ಹಾಕಿದ ಎಂಜಿನಿಯರ್ ಗುಮಾಸ್ತೆಯ ಪಕ್ಕ ನಿಂತಿದ್ದ.

“ಮೇಡಂ, ಟೆಸ್ಟಲ್ಲಿ ಲಕ್ಷ ಸಲ ಹುಡುಕಿದ್ವಿ. ಒಂದಕ್ಕೂ ಅರ್ಧ ಸೆಕೆಂಡ್ ಹಿಡೀಲಿಲ್ಲ.”

“ಆ ವರದಿ ನೋಡಿಯೇ ಸೂಪರಿಂಟೆಂಡೆಂಟರು ನನಗೆ ಮೆಮೊ ಕೊಟ್ಟಿದ್ದು. ಯಂತ್ರ ಚುರುಕಂತೆ, ನಾನೇ ಸೋಮಾರಿಯಂತೆ. ಏನು ಹಾಕಿ ಹುಡುಕಿದ್ರಪ್ಪ?”

“ರೋಗಿಯ ನಂಬರ್.”

“ನಂಬರ್ ಯಾರಿಗೆ ನೆನಪಿರತ್ತೆ? ಹತ್ತರಲ್ಲಿ ಎಂಟು ಜನ ಕಾರ್ಡ್ ಮನೇಲಿ ಬಿಟ್ಟು ಬರ್ತಾರೆ. ಅರ್ಧಂಬರ್ಧ ಹೆಸರು ಹಾಕಿ ಹುಡುಕ್ತೀವಿ. ಒಂಬತ್ತು ಹೊಡೀತಿದ್ದ ಹಾಗೆ ಆರು ಕೌಂಟರಲ್ಲೂ ಇದೇ ಕೆಲಸ.”

“ಅದನ್ನ ಟೆಸ್ಟ್ ಮಾಡಿಲ್ಲ.”

“ಒಂದು ದಿನ ಬಂದು ನೋಡಿದ್ರೆ ಕಾಲು ಸವೀತಿತ್ತಾ? ಕೂತ್ಕೊಳ್ಳಿ ನನ್ನ ಕುರ್ಚೀಲಿ. ಅಜ್ಜಿ, ಕಾರ್ಡ್ ತಂದಿದ್ದೀರಾ?”

“ಮರೆತು ಬಂದೆ, ಮಗಳೇ,” ಎಂದರು ನನ್ನ ಮುಂದಿದ್ದ ಅಜ್ಜಿ.

ಎಂಜಿನಿಯರ್ ಅಜ್ಜಿಯ ಹೆಸರು ಟೈಪ್ ಮಾಡಿದ. ಗೋಡೆ ಗಡಿಯಾರದಲ್ಲಿ ನಾಲ್ಕು ನಿಮಿಷ ಕಳೆಯಿತು. ದಾಖಲೆ ಬರಲಿಲ್ಲ.

ಗುಮಾಸ್ತೆ ಮೆಮೊ ತೆಗೆದು ಅವನ ಕೈಗಿಟ್ಟಳು.

“ಇದಕ್ಕೆ ಉತ್ತರ ನೀವೇ ಬರೀರಿ. ನಡೀರಿ.”

ಇಬ್ಬರೂ ಸೂಪರಿಂಟೆಂಡೆಂಟರ ಕೋಣೆಯೊಳಗೆ ಹೋದರು. ಅಜ್ಜಿಯ ದಾಖಲೆ ಒಂಬತ್ತು ಐವತ್ತೊಂದಕ್ಕೆ ತೆರೆಯಿತು. ಆಗ ಆ ಕುರ್ಚಿಯಲ್ಲಿ ಯಾರೂ ಇರಲಿಲ್ಲ.